ಸಪ್ಪಳ ಇಳಿದ ದಾರಿ

“ಮತ್ತ ಗುಂಯ್ ಅನ್ನಾಕತ್ತೈತ್ರಿ ಅತ್ತಿ!” ವೈಶಾಲಿ ಹೆಡ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡಳು. ಪರೀಕ್ಷೆಗೆ ಅರ್ಧ ತಾಸೂ ಉಳಿದಿರಲಿಲ್ಲ. ಕಿವಿಗೆ ಬಿದ್ದ ಮಾತನ್ನು ತಪ್ಪಿಲ್ಲದೆ ಟೈಪ್ ಮಾಡಿದರೆ ಮನೆಯಲ್ಲೇ ಕೂತು ಮಾಡುವ ನೌಕರಿ. ಎರಡನೇ ಸಲ ಅವಕಾಶವಿಲ್ಲ. ಬೇರೆ ಹೆಡ್‌ಫೋನ್ ಹಾಕಿ ನೋಡಿದ್ದಳು, ಪಿನ್ ಒರೆಸಿದ್ದಳು. ಚಾರ್ಜರ್ ಕಿತ್ತರೆ ಸಪ್ಪಳ ನಿಲ್ಲುತ್ತಿತ್ತು, ಜೊತೆಗೆ ಹಳೆಯ ಲ್ಯಾಪ್‌ಟಾಪೂ ನಿಲ್ಲುತ್ತಿತ್ತು. ಅದರ ಬ್ಯಾಟರಿ ಎಂದೋ ಸತ್ತಿತ್ತು.

ನೆಲ ತೋಡಿ ಹೂಡಿದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ ಅತ್ತೆ ದಾನಮ್ಮ ಲಾಳಿ ಬದಿಗಿಟ್ಟಳು. “ಇದು ಪದ್ಮವ್ವನ ಮಗ್ಗದ ಸಪ್ಪಳನ ನೋಡು. ಕರೆಂಟಿನ ಮಗ್ಗ ಅವು, ವಾಯರಿನಾಗ ಹೊಕ್ಕು ಬರತೈತಿ.” ಗಟಾರದ ನೀರಿನ ಜಗಳವಾದಾಗಿನಿಂದ ಪಕ್ಕದ ಮನೆಯ ಪದ್ಮವ್ವನ ಜೊತೆ ಮಾತಿರಲಿಲ್ಲ. ಆದರೂ ಎದ್ದು ಗೋಡೆಯ ಹತ್ತಿರ ಹೋದಳು.

“ಪದ್ಮವ್ವಾ, ತಾಸೊತ್ತು ಮಗ್ಗ ಬಂದ್ ಮಾಡ ಬೇ. ನಮ್ಮ ಸೊಸೀದು ಪರೀಕ್ಷಾ ಐತಿ.”

“ಅಯ್ಯ, ಬಾಯಿ ಬಂತಲ್ಲ ನಿನಗ! ಗಟಾರದಾಗ ಹರದು ಹೋಗೇತಿ ಅಂತ ತಿಳದಿದ್ನಿ!”

ಅಂದಳು, ಆದರೆ ಸ್ವಿಚ್ ಆರಿಸಿದಳು. ಮಗ್ಗಗಳು ಒಮ್ಮೆಲೇ ನಿಂತು ಓಣಿ ಉಸಿರು ಬಿಗಿಹಿಡಿದಂತಾಯಿತು. ಹೆಡ್‌ಫೋನಿನಲ್ಲಿ ಮಾತ್ರ ಅದೇ ಗುಂಯ್.

ವೈಶಾಲಿಯ ಕಣ್ಣು ತುಂಬಿದವು. ದಾನಮ್ಮ ಮತ್ತೆ ಕುಣಿಗೆ ಕಾಲಿಳಿಸಿ ಕೂತು, “ಇತ್ತ ಸರಸು, ನಾನೂ ನೋಡತೇನಿ” ಎಂದು ಲ್ಯಾಪ್‌ಟಾಪಿನ ತಗಡಿನ ಮೈಮೇಲೆ ಕೈ ಇಟ್ಟಳು.

“ಅತ್ತಿ! ನಿಂತತ್ರಿ!”

ದಾನಮ್ಮ ಹೆದರಿ ಕೈ ತೆಗೆದಳು. ಗುಂಯ್. ಇಟ್ಟಳು. ಇಲ್ಲ.

“ಕೈ ತಗೀಬ್ಯಾಡ್ರಿ! ಸಪ್ಪಳಾ ನಿಮ್ಮ ಮೈಯಾಗಿಂದ ನೆಲಕ್ಕ ಇಳ್ಯಾಕತ್ತೈತಿ.”

ದಾನಮ್ಮ ತನ್ನ ಕೈಯನ್ನು ನೋಡಿದಳು. ಕುಣಿಯ ತೇವದ ಮಣ್ಣಿನಲ್ಲಿದ್ದ ಪಾದಗಳನ್ನು ನೋಡಿದಳು. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಮಗ್ಗ ತುಳಿದ ಪಾದಗಳು. ಇವೆರಡರ ನಡುವೆ ತನ್ನೊಳಗೆ ಇಂಥದೊಂದು ದಾರಿ ಇದೆಯೆಂದು ಯಾರೂ ಹೇಳಿರಲಿಲ್ಲ.

ಪರೀಕ್ಷೆ ಶುರುವಾಯಿತು. ಇನ್ನು ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಅರ್ಧ ಮುಗಿದಿರಬೇಕು, ದಾನಮ್ಮನ ಮೀನಖಂಡ ಸೆಟೆದುಕೊಂಡಿತು. ಹಲ್ಲು ಕಚ್ಚಿ ತಡೆದಳು. ತಡೆಯಲಾಗದೆ ಎರಡೂ ಕಾಲುಗಳನ್ನು ಕೂತಿದ್ದ ಹಲಗೆಯ ಮೇಲೆ ಎತ್ತಿಕೊಂಡಳು. ಕೈ ಇದ್ದಲ್ಲೇ ಇತ್ತು. ಆದರೂ ಮತ್ತೆ ಗುಂಯ್. ವೈಶಾಲಿಯ ಮುಖ ಬಿಳುಚಿತು, ಬೆರಳುಗಳು ನಿಂತುಬಿಟ್ಟವು.

ಅಷ್ಟರಲ್ಲಿ ಪದ್ಮವ್ವ ಬಾಗಿಲಿಗೆ ಬಂದಳು. ಇನ್ನೆಷ್ಟು ಹೊತ್ತು ಎಂದು ಕೇಳಲು ಬಾಯಿ ತೆರೆದವಳಿಗೆ ನೋವಿನಿಂದ ಕಿವುಚಿದ ದಾನಮ್ಮನ ಮುಖ ಕಂಡಿತು. ಬರಿಗಾಲಲ್ಲಿ ನೇರ ಬಂದು ಕುಣಿಗಿಳಿದಳು, ಸೆಟೆದ ಕಾಲನ್ನು ಎರಡೂ ಕೈಯಿಂದ ಹಿಡಿದು ತಿಕ್ಕತೊಡಗಿದಳು. ವೈಶಾಲಿ ಥಟ್ಟನೆ ತಲೆಯೆತ್ತಿ, ಬಿಡಬೇಡಿ ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ಅವಳ ಬೆರಳುಗಳು ಮತ್ತೆ ಓಡಿದವು.

ಕೊನೆಯ ಸಾಲು ಮುಗಿಸಿ ವೈಶಾಲಿ ಉಸಿರುಬಿಟ್ಟಳು. “ಪೂರಾ ಬರದ್ನಿರಿ! ನಿಮ್ಮಿಬ್ಬರ ಮೈಯಾಗ ಹಾದು ಇಳೀತ್ರಿ ಸಪ್ಪಳಾ.”

“ನನ್ನ ಮೈಯಾಗ? ಸುಮ್ಮನ ಇರಲಾರದಕಿ ಮೈಯಾಗ?” ಪದ್ಮವ್ವ ನಕ್ಕಳು. ವೈಶಾಲಿ ಹೆಡ್‌ಫೋನನ್ನು ಅವಳ ಕಿವಿಗೇ ಹಾಕಿದಳು. ದಾನಮ್ಮನ ಕೈ ಇನ್ನೂ ಲ್ಯಾಪ್‌ಟಾಪಿನ ಮೇಲೇ ಇತ್ತು. ಪದ್ಮವ್ವ ದಾನಮ್ಮನ ಕಾಲು ಬಿಟ್ಟಳು, ಗುಂಯ್ ಸಪ್ಪಳಕ್ಕೆ ಬೆಚ್ಚಿದಳು. ಮತ್ತೆ ಹಿಡಿದಳು, ಸಪ್ಪಳ ಇಳಿದುಹೋಯಿತು. ನಗು ಮಾಯವಾಯಿತು. ಕಣ್ಣು ತಾವಾಗಿಯೇ ಮುಚ್ಚಿಕೊಂಡವು.

ಅವಳ ಮಗ್ಗ ನಡೆಸುವ ಜಕ್ಕಪ್ಪ ಬಾಗಿಲಲ್ಲಿ ಇಣುಕಿ, ದನಿ ಎತ್ತರಿಸಿ ಕೇಳಿದ: “ಅವ್ವಾರ, ಮಗ್ಗ ಚಾಲೂ ಮಾಡ್ಲೇನ್ರಿ?”

ಒಂದು ಕೈ ದಾನಮ್ಮನ ಕಾಲಿನ ಮೇಲೇ ಇತ್ತು. ಪದ್ಮವ್ವ ಇನ್ನೊಂದನ್ನು ಎತ್ತಿದಳು.

“ತಡಿಯೋ ಜಕ್ಕಪ್ಪಾ, ಕೇಳಾಕತ್ತೇನಿ.”