ಬೆಟ್ಟದಿಲಿಗಳ ಲೆಕ್ಕ

ನಲವತ್ತನೆಯ ಬೋನೂ ಖಾಲಿಯಾಗಿತ್ತು. ಐವತ್ತು ವರ್ಷದ ಹಿಂದೆ ಇದೇ ಬಂಡೆಗಳ ನಡುವೆ ಮೇಷ್ಟ್ರು ಹದಿನೇಳು ಬೆಟ್ಟದಿಲಿಗಳನ್ನು ಹಿಡಿದು, ಎಣಿಸಿ, ಬಿಟ್ಟಿದ್ದರು. ಈಗ ಅದೇ ಮೇಷ್ಟ್ರು ಪಕ್ಕದಲ್ಲೇ ಊರುಗೋಲು ಹಿಡಿದು ನಿಂತಿರುವಾಗ ಸೊನ್ನೆ ಬರೆಯಲು ಶಿಷ್ಯೆಗೆ ಕೈ ಏಳಲಿಲ್ಲ.

“ಇನ್ನೊಂದು ದಿನ ನೋಡೋಣ ಸಾರ್,” ಎಂದಳು.

“ಒಂಬತ್ತು ದಿನ ನೋಡಿದ್ದಾಯ್ತಲ್ಲಮ್ಮ. ನನ್ನ ಮುಖ ನೋಡಿ ಲೆಕ್ಕ ಬರೀಬೇಡ.” ಮೇಷ್ಟ್ರು ಅವಳ ಕೈಯಿಂದ ಲೆಕ್ಕದ ಪುಸ್ತಕ ಇಸಿದುಕೊಂಡು ತಾವೇ ಸೊನ್ನೆ ಬರೆದರು. ಅದು ಸೊಟ್ಟಗಾಯಿತು. ಅದರ ಮೇಲೆಯೇ ಮತ್ತೊಮ್ಮೆ ಒತ್ತಿ ತಿದ್ದಿದರು.

ಆಮೇಲೆ ಬೆಟ್ಟದ ಮೇಲಿನ ಹಿಮದಂಚಿನವರೆಗೂ ಕಣ್ಣು ಹಾಯಿಸಿದರು. “ಇಲ್ಲಿ ಸೆಕೆ ಹೆಚ್ಚಾಗಿದೆ. ಇಲಿಗಳು ಬದುಕಿದ್ರೆ ಮೇಲಕ್ಕೆ ಹತ್ತಿರಬೇಕು. ಬೋನು ಎತ್ತು.”

“ನಿಮ್ಮ ಮಂಡಿ?”

“ಅದು ಹಿಂದೆ ಬರತ್ತೆ. ನೀನು ಮುಂದೆ ನಡಿ.”

ಅವಳು ಬೋನುಗಳ ಹೊರೆಯನ್ನು ಬೆನ್ನಿಗೇರಿಸಿಕೊಂಡು ಏರು ಹಿಡಿದಳು.