ಮಗ್ಗದ ಕುಣ್ಯಾಗ ಅಪ್ಪನ ಕಾಲು

ನನ್ನ ಮುರಿದ ಬೆನ್ನೆಲುಬಿಗೆ ಡಾಕ್ಟರು ರಾಡು ಹಾಕಿ ಕೂಡಿಸ್ಯಾರ. ಕಸರತ್ತು ಮಾಡಿಸೋ ಹುಡುಗಿ ದಿನಾ ಬಂದು ಅಂಗಾಲು ಕೆರೆದು, "ಗೊತ್ತಾಗ್ತೈತೇನ್ರಿ ಅಜ್ಜಿ?" ಅಂತ ಕೇಳ್ತಾಳ. ಸೊಸಿ ಕಾಲಿಗೆ ತಿಕ್ಕಿದ ಔಡಲೆಣ್ಣಿ ವಾಸನಿಗೆ ಇಳಕಲ್ಲಿನ ನಮ್ಮ ಮನ್ಯಾಗ ನೇಕಾರ ಕಾಲು ಇಳಿಬಿಟ್ಟು ಕುಂದ್ರೋ ಮಗ್ಗದ ಕುಣಿ ನೆನಪಾಗ್ತೈತಿ.

ಆಗ ನನಗ ಏಳು ವರ್ಷ. ಅಪ್ಪ ಮಾಳಿಗಿ ಮ್ಯಾಲಿಂದ ಬಿದ್ದು ಬೆನ್ನು ಮುರಕೊಂಡು ಎರಡು ತಿಂಗಳು ಮಲಗಿದ್ದ. ನೇಕಾರನ ಬೆನ್ನು ಮಗ್ಗದಾಗ ಕುಂತ್ರ ನೆಟ್ಟಗಾಗ್ತೈತಿ ಅಂತ ನಮ್ಮ ಓಣಿಯವರೆಲ್ಲ ನಂಬಿದ್ರು. ಒಂದು ಮಧ್ಯಾಹ್ನ ಅಪ್ಪನ ಅವ್ವ, ನಮ್ಮಜ್ಜಿ, ಅವಗ ಔಡಲೆಣ್ಣಿ ತಿಕ್ಕಿ, ಇಬ್ಬರು ಕಾಕಾಗೋಳ ಕಡಿಂದ ಎತ್ತಿಸಿ ಕುಣಿ ದಂಡಿಗೆ ಕೂಡ್ರಿಸಿದ್ಲು. ಕಾಲು ಕುಣ್ಯಾಗ ಜೋತು ಬಿದ್ದುವು.

"ತುಳಿಯೋ, ಮದಿಮಗನಂಗ ಎಷ್ಟು ದಿನ ಕುಂದರ್ತಿ?" ಅಂದ್ಲು ಅಜ್ಜಿ.

ಅಪ್ಪ ನನ್ನ ಕಡೆ ನೋಡಿ, "ಕೆಳಗಿಳಿದು ನನ್ನ ಕಾಲು ತುಳಿಹಲಿಗಿ ಮ್ಯಾಲ ಇಡವ್ವಾ" ಅಂದ.

ಇಳಿದೆ. ಕುಣಿ ತಂಪಿತ್ತು, ನೂಲಿನ ಗಂಜಿ ನಾರ್ತಿತ್ತು. ಅಪ್ಪನ ಕಾಲು ಎತ್ತಿ ಹಲಿಗಿ ಮ್ಯಾಲ ಇಟ್ಟೆ, ಹಸಿ ಮಣ್ಣಿನಂಗ ಭಾರ ಇದ್ದುವು. ಚ್ಯಾಷ್ಟಿಗೆ ಅವನ ಕಾಲಿನ ಹೆಬ್ಬಟ್ಟು ಚಿವುಟಿದೆ. ಉಗುರಿನ ಗುರುತು ಮೂಡಿತು, ಅಪ್ಪ ಮಿಸುಕಲಿಲ್ಲ. ಇನ್ನೂ ಜೋರ್ಲೆ ಚಿವುಟಿದೆ.

"ಇಟ್ಟಿಯೇನವ್ವಾ?" ಅಂತ ಕೇಳಿದ.

ಹೂಂ ಅಂದೆ. ಏನು ತಿಳೀತೋ, ಎರಡೂ ಕೈಲೆ ಹಲಿಗಿ ಒತ್ತಿದೆ. ಮ್ಯಾಲ ಮಗ್ಗದ ನೂಲು ಎರಡು ಪದರಾಗಿ ಬಾಯಿ ತೆರೀತು, ಅಪ್ಪ ಅದರಾಗ ಲಾಳಿ ಓಡಿಸಿದ.

"ಕಾಲಿಗೆ ಜೀವ ಬಂತು!" ಅಂತ ಅಜ್ಜಿ ಚೀರಿದ್ಲು. ಅವ್ವ ಬಾಗಲದಾಗ ನಿಂತು ಅತ್ಲು.

ಅಪ್ಪ ಕುತ್ತಿಗಿ ಬಗ್ಗಿಸಿ ಹಲಿಗಿ ಮ್ಯಾಲಿದ್ದ ನನ್ನ ಕೈ ನೋಡಿದ. ಆಮ್ಯಾಲ ಯಾರಿಗೂ ಕೇಳದಂಗ, "ಇನ್ನೊಮ್ಮೆ ಒತ್ತವ್ವಾ" ಅಂದ.