ಗಾಜಿನ ಕೆಳಗಿನ ಚೌಕಾಸಿ

ಜೊವೆನ್ ತನ್ನ ಫೋನಿನಲ್ಲಿ ಗುಂಡಿ ಒತ್ತಿದ ಮರುಗಳಿಗೆಯೇ ಶವಪೆಟ್ಟಿಗೆಯೊಳಗೆ ಏನೋ ಗುಂಯ್ ಎಂದಿತು.

“ಅಕ್ಕಾ, ಮಾರ್ಲೊನ್ ಫೋನು ಎಲ್ಲಿದೆ?”

“ಅವರ ಕೈಯಲ್ಲೇ ಇದೆ,” ಎಂದಳು ಚೋನಾ, ಸತ್ತವನ ಹೆಂಡತಿ. “ಊಟಕ್ಕೆ ಕೂತ್ರೂ ಕೆಳಗಿಡ್ತಿರಲಿಲ್ಲ. ಬರಿಗೈಲಿ ಹೇಗೆ ಕಳಿಸ್ಲಿ? ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿ ಇಟ್ಟೆ. ಆಮೇಲೆ ಪೆಟ್ಟಿಗೆಯವರು ಗಾಜು ಮುಚ್ಚಿ ಸ್ಕ್ರೂ ಹಾಕಿದ್ರು.”

ಜೊವೆನ್ ಹಣೆ ಹಣೆ ಚಚ್ಚಿಕೊಂಡ. ಫೋನಿನಲ್ಲಿ ಆಡುವ ಆಟದ ಖಾತೆಯೊಂದು ಕೈ ಬದಲಾಗಬೇಕಾದರೆ ಹಳೆಯ ಮಾಲೀಕನ ಫೋನಿಗೆ ಪ್ರಶ್ನೆ ಹೋಗುತ್ತದೆ: ಖಾತೆ ಬಿಟ್ಟುಕೊಡಲು ಒಪ್ಪಿಗೆಯೇ? ಹೌದು ಅಥವಾ ಇಲ್ಲ ಎಂದು ಅಲ್ಲಿ ಒತ್ತಬೇಕು. ಆ ಫೋನು ಈಗ ಗಾಜಿನ ಕೆಳಗೆ, ಬಿಳಿ ಅಂಗಿಯ ಮೇಲೆ ಜೋಡಿಸಿದ ಎರಡು ಕೈಗಳ ನಡುವೆ, ಜಪಮಾಲೆಯ ಜೊತೆಯಲ್ಲಿತ್ತು. ಅದರ ಬೆಳಕು ಸತ್ತವನ ಗದ್ದದ ಮೇಲೆ ನೀಲಿಯಾಗಿ ಬಿದ್ದಿತ್ತು.

ಜೊವೆನ್ ಈ ಧಂದೆಯಲ್ಲಿ ಪಳಗಿದ ಆಸಾಮಿ. ಆಟದೊಳಗಿನ ಕತ್ತಿ, ಕವಚ, ಕುದುರೆ, ಹೀಗೆ ಕೈಯಲ್ಲಿ ಹಿಡಿಯಲಾಗದ ಸಾಮಾನು ಮಾರಿ ಕೈತುಂಬ ದುಡ್ಡು ಎಣಿಸಿದವನು. ಮಾರ್ಲೊನ್‌ನ ಖಾತೆಯಲ್ಲಿ ಒಂದು ಜೊತೆ ಕೆಂಪು ರೆಕ್ಕೆ ಇತ್ತು. ಆಟ ಶುರುವಾದ ವರ್ಷ ಕಂಪನಿಯೇ ಕೊಟ್ಟದ್ದು, ಆಮೇಲೆ ಯಾರಿಗೂ ಸಿಕ್ಕಿಲ್ಲ. ಸೆಬು ನಗರದ ಗಿರಾಕಿಯೊಬ್ಬ ಅದಕ್ಕೆ ನಲವತ್ತು ಸಾವಿರ ಪೆಸೊ ಮುಂಗಡವಾಗಿಯೇ ಕೊಟ್ಟಿದ್ದ. ಈ ವ್ಯಾಪಾರದಲ್ಲಿ ದೊಡ್ಡ ಗಂಡಾಂತರ ಒಂದೇ: ಮಾರಿದವನೇ ನಾಲ್ಕು ದಿನ ಬಿಟ್ಟು ಕಂಪನಿಗೆ ದೂರು ಕೊಟ್ಟು, ಖಾತೆಯನ್ನು ವಾಪಸು ಎಳೆದುಕೊಳ್ಳುವುದು. ಬದುಕಿದ್ದವರಿಂದ ಕೊಳ್ಳುವಾಗ ಆ ಭಯಕ್ಕೆಂದೇ ಜೊವೆನ್ ಅರ್ಧ ಬೆಲೆ ಮುರಿಯುತ್ತಿದ್ದ. ಸತ್ತವರದು ಅಪ್ಪಟ ಚಿನ್ನ, ಎಳೆದುಕೊಳ್ಳಲು ಯಾರೂ ಇಲ್ಲ. ಚೋನಾಗೆ ಮಾತ್ರ ಅವನು ಲೆಕ್ಕವನ್ನು ತಿರುವುಮುರುವು ಮಾಡಿ ಹೇಳಿದ್ದ: “ಸತ್ತವರ ಖಾತೆ ಅಂದ್ರೆ ಭಾರೀ ರಿಸ್ಕು ಅಕ್ಕಾ. ಹತ್ತು ಸಾವಿರದ ಮೇಲೆ ಹುಟ್ಟಲ್ಲ.” ನಾಳೆ ಗೋರಿಯ ಜಾಗಕ್ಕೆ ದುಡ್ಡು ಕಟ್ಟದಿದ್ದರೆ ಹೂಳಲು ಬಿಡುವುದಿಲ್ಲ ಎಂಬ ಚಿಂತೆಯಲ್ಲಿದ್ದ ಹೆಂಗಸು ಹೂಂ ಎಂದಿದ್ದಳು. ಆ ಹತ್ತು ಸಾವಿರದ ನೋಟುಗಳು ಗಾಜಿನ ಮೇಲೆ ಕೂತಿದ್ದವು.

ಅವನ ಫೋನಿನಲ್ಲಿ ಉತ್ತರ ಬಂತು: “ಮಾಲೀಕರು ಒಪ್ಪಿಲ್ಲ.”

ಸತ್ತವನ ಹೆಬ್ಬೆರಳು ತೆರೆಯ ಮೇಲೆ ಬಿದ್ದಿದೆ, ಫೋನು ಅದುರಿದಾಗ ತಗುಲಿರಬೇಕು, ಎಂದುಕೊಂಡ ಜೊವೆನ್. ಹೊರಗೆ ಸುಡು ಮಧ್ಯಾಹ್ನ. ಸಾವಿನ ಮನೆಗೆ ಬಂದವರು ಓಣಿಯಲ್ಲಿ ಮೇಜು ಹಾಕಿಕೊಂಡು ಇಸ್ಪೀಟು ಆಡುತ್ತಿದ್ದರು. ಅವನು ಮತ್ತೆ ಒತ್ತಿದ. ಗುಂಯ್. ಒಪ್ಪಿಲ್ಲ. ಮತ್ತೊಮ್ಮೆ. ಒಪ್ಪಿಲ್ಲ. ನಾಣ್ಯ ಚಿಮ್ಮಿದರೂ ಸಾಲಾಗಿ ಮೂರು ಸಲ ಬೋರಲು ಬೀಳುವುದು ಎಂಟರಲ್ಲಿ ಒಂದು ಸಲವಾದರೂ ಉಂಟು. ಲೆಕ್ಕವೇನೋ ಸರಿಯಾಗಿತ್ತು, ಆದರೆ ಕತ್ತಿನ ಹಿಂದೆ ಬೆವರು ತಣ್ಣಗಾಗಿತ್ತು.

“ಏನಂತೆ?” ಎಂದಳು ಮಾರ್ಲೊನ್‌ನ ತಾಯಿ ಸಿಯೋನ್ ಅಜ್ಜಿ. ಅವಳು ತಲೆದೆಸೆಯಲ್ಲಿ ಕೂತು ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದಳು.

“ಏನಿಲ್ಲ ಅಜ್ಜಿ, ನೆಟ್‌ವರ್ಕು.”

“ಎಷ್ಟಕ್ಕೆ ಕೇಳ್ದೆ?”

“ಹತ್ತು ಸಾವಿರ.”

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. “ನನ್ ಮಗ ಮೀನಿನೋಳ ಹತ್ರಾನೂ ಮೊದಲ್ನೇ ಮಾತಿಗೆ ಹೂಂ ಅಂದೋನಲ್ಲ ಕಣಪ್ಪಾ.”

ಹುಚ್ಚುತನ ಎಂದು ಗೊತ್ತಿದ್ದೂ ಜೊವೆನ್ ಇನ್ನೂ ಹತ್ತು ಸಾವಿರ ತೆಗೆದು ಗಾಜಿನ ಮೇಲಿಟ್ಟ. ಚೋನಾ ಕಣ್ಣರಳಿಸಿದಳು. ಅವನು ಒತ್ತಿದ. ಒಪ್ಪಿಲ್ಲ. ಎದ್ದು ಹೋಗಿಬಿಡಬಹುದಿತ್ತು. ಆದರೆ ಸಂಜೆಯೊಳಗೆ ರೆಕ್ಕೆ ಸೆಬು ಸೇರದಿದ್ದರೆ ಅವನ ಹೆಸರಿಗೆ ಆನ್‌ಲೈನಿನ ಎಲ್ಲ ವ್ಯಾಪಾರಿ ಗುಂಪುಗಳಲ್ಲೂ ಮಸಿ ಬಳಿಯುತ್ತಾರೆ, ಮುಂದೆ ಯಾರೂ ಅವನಿಗೆ ಕಾಸು ಬಿಚ್ಚುವುದಿಲ್ಲ. ಮೂವತ್ತು ಕೊಟ್ಟರೂ ಹತ್ತು ಉಳಿಯುತ್ತದೆ. ಒಪ್ಪಿಲ್ಲ. ಮೂವತ್ತೈದಕ್ಕೆ ಐದು, ಅದೂ ಲಾಭವೇ. ಒಪ್ಪಿಲ್ಲ. ಪ್ರತಿ ಸಲವೂ ಗಾಜಿನ ಕೆಳಗೆ ಬೆಳಕು ಹತ್ತಿ ಆರುತ್ತಿತ್ತು. ಬೆರಳು ಅಲ್ಲಾಡಿದ್ದನ್ನು ಅವನು ನೋಡಲಿಲ್ಲ. ನೋಡುವ ಧೈರ್ಯವೂ ಇರಲಿಲ್ಲ.

“ಇನ್ನು ಕೊಟ್ರೆ ನನಗೇನೂ ಉಳಿಯಲ್ಲ ಮಾರ್ಲೊನ್ ಅಣ್ಣಾ!” ಗಾಜಿನತ್ತ ಬಗ್ಗಿ ಕೂಗಿಯೇಬಿಟ್ಟ.

ಓಣಿಯಲ್ಲಿ ಇಸ್ಪೀಟಿನ ಸದ್ದು ನಿಂತಿತು. ಚೋನಾ ಅವನ ಮುಖವನ್ನೇ ನೋಡಿದಳು. “ನೀನು ಹತ್ತರ ಮೇಲೆ ಹುಟ್ಟಲ್ಲ ಅಂದಿದ್ದಲ್ಲಾ,” ಎಂದಳು ಮೆಲ್ಲಗೆ. ಜೊವೆನ್ ಕೊನೆಯ ಐದು ಸಾವಿರವನ್ನೂ ಗಾಜಿನ ಮೇಲಿಟ್ಟು, ಕಣ್ಣು ಮುಚ್ಚಿ ಒತ್ತಿದ.

ಈ ಸಲ ಉತ್ತರ ತಡವಾಯಿತು, ಯಾರೋ ನೋಟು ಎಣಿಸಿ ನೋಡುವಷ್ಟು ಹೊತ್ತು.

“ಮಾಲೀಕರು ಒಪ್ಪಿದ್ದಾರೆ.”

ಚೋನಾ ದುಡ್ಡನ್ನು ಎದೆಗವಚಿಕೊಂಡು ಅತ್ತಳು. ಜೊವೆನ್ ಫೋನನ್ನು ಕಿಸೆಗಿಳಿಸಿ ದಡಬಡಿಸಿ ಎದ್ದ. ಬಾಗಿಲ ಬಳಿ ಹೋಗಿ ತಿರುಗಿ ನೋಡಿದರೆ ಇಬ್ಬರು ಹೆಂಗಸರೂ ಕೂತಲ್ಲಿಂದ ಎದ್ದಿರಲಿಲ್ಲ.

“ಸಾವಿನ ಮನೆಯವರು ಬಂದೋರನ್ನ ಕಳಿಸೋಕೆ ಬಾಗಿಲಿಗೆ ಬರಬಾರ್ದು ಮಗಾ,” ಎಂದಳು ಸಿಯೋನ್ ಅಜ್ಜಿ, ಬೀಸಣಿಗೆ ಆಡಿಸುತ್ತಲೇ. “ಬೇಜಾರು ಮಾಡ್ಕೋಬೇಡ. ನಮ್ ಬದ್ಲು ಮಾರ್ಲೊನೇ ಬರ್ತಾನೆ ನಿನ್ ಜೊತೆ.”